ಮರಳಿ ಬಂದ ನೆನಪುಗಳು: ಒಂದು ಚಿಕಿತ್ಸಾಪದ್ಧತಿಯ ಚರಿತ್ರೆ

ವಿಯೆನ್ನಾ ನಗರದ ವೈದ್ಯವಿದ್ವಾಂಸರ ಸಭೆಯೊಂದರಲ್ಲಿ ೧೮೯೬ನೆಯ ಇಸವಿ ಏಪ್ರಿಲ್ ೨೧ನೆಯ ತಾರೀಖು ಸಿಗ್ಮಂಡ್ ಫ್ರಾಯ್ಡನೆಂಬ ನರರೋಗ ವೈದ್ಯನು ಒಂದು ಉಪನ್ಯಾಸವನ್ನು ಮಾಡಿದನು. ಹಿಸ್ಟೀರಿಯಾ ಎಂಬ ವ್ಯಾಧಿಗೆ ಮೂಲವು ರೋಗಿಯು ಶೈಶವದಲ್ಲಿ ಅನುಭವಿಸಿದ ಕಾಮಪೀಡೆಯೇ ಎಂದೂ, ರೋಗಿಗೆ ಅದರ ಸ್ಮರಣೆಯು ಲವಲೇಶವೂ ಇಲ್ಲದಿದ್ದರೂ ಅದು ಮನಸ್ಸಿನ ಆಳದಲ್ಲಿ ಹುದುಗಿಕೊಂಡಿರುವುದೆಂದೂ, ತಾನು ಪರೀಕ್ಷಿಸಿದ ಹದಿನೆಂಟು ಮಂದಿಯಲ್ಲಿಯೂ ಇದನ್ನೇ ಕಂಡೆನೆಂದೂ ಆತನು ಪ್ರತಿಪಾದಿಸಿದನು. ಸಭಿಕರು ಒಪ್ಪಲಿಲ್ಲ. ಆದರೆ ಆ ನೆನಪುಗಳನ್ನು ಹೊರತೆಗೆದ ಬಗೆಯಾದರೂ ಎಂತಹುದು? ರೋಗಿಯ ಹಣೆಯ ಮೇಲೆ ಅಂಗೈಯನ್ನೊತ್ತಿ, ಇದೀಗ ನಿನಗೆ ಒಂದು ಚಿತ್ರವು ತೋರುವುದೆಂದು ಹೇಳುವುದು. ತೋರದಿದ್ದರೆ ಮತ್ತೆ ಒತ್ತುವುದು. ಇಷ್ಟಾದರೂ ರೋಗಿಗಳು ಆ ದೃಶ್ಯಗಳನ್ನು ತಾವು ನೆನೆಯುತ್ತಿರುವಂತೆ ತಮಗೆ ಅನ್ನಿಸುವುದಿಲ್ಲವೆಂದು ಹೇಳುತ್ತಿದ್ದರೆಂಬುದನ್ನು ಫ್ರಾಯ್ಡನೇ ಬರೆದಿಟ್ಟಿದ್ದಾನೆ. ಆ ನಿರಾಕರಣೆಯನ್ನು ಆತನು ತನ್ನ ಪಕ್ಷಕ್ಕೆ ಸಾಧಕವಾದ ಪ್ರಮಾಣವೆಂದೇ ಎಣಿಸಿದನು! ಅಲ್ಲಗಳೆದರೂ ಸಿದ್ಧಿ, ಒಪ್ಪಿದರೂ ಸಿದ್ಧಿ ಎಂಬ ಇಂತಹ ವಾದವನ್ನು ತರ್ಕವನ್ನೋದಿದ ವಿದ್ಯಾರ್ಥಿಯೂ ಸಂಶಯದಿಂದಲೇ ನೋಡಿಯಾನು.

ಮರು ವರ್ಷವೇ, ೧೮೯೭ನೆಯ ಸೆಪ್ಟೆಂಬರಿನಲ್ಲಿ, ತನಗೆ ಈ ಸಿದ್ಧಾಂತದಲ್ಲಿ ನಂಬಿಕೆಯುಳಿದಿಲ್ಲವೆಂದು ಫ್ರಾಯ್ಡನು ಮಿತ್ರನಾದ ಫ್ಲೀಸ್‌ನಿಗೆ ಪತ್ರ ಬರೆದನು. ಆತನಿಗೆ ಎಚ್ಚರಿಕೆಯು ಮೊದಲೇ ದೊರೆತಿರಲಿಲ್ಲವೆಂದು ಹೇಳುವಂತಿಲ್ಲ. ಫ್ರಾನ್ಸಿನ ನಾನ್ಸಿ ಪಟ್ಟಣದ ವೈದ್ಯನಾದ ಬರ್ನ್‌ಹೈಮನು ಸಮ್ಮೋಹನಕ್ಕೊಳಗಾದವರಲ್ಲಿ ಎಂದೂ ನಡೆಯದ ಘಟನೆಗಳ ನೆನಪನ್ನು ಕೇವಲ ಮಾತಿನಿಂದ ಹುಟ್ಟಿಸಬಹುದೆಂಬುದನ್ನು ೧೮೮೦ರ ದಶಕದಲ್ಲಿಯೇ ಪ್ರಯೋಗಮುಖವಾಗಿ ತೋರಿಸಿ, ನ್ಯಾಯಾಧಿಪತಿಗಳು ಇದನ್ನು ಲಕ್ಷ್ಯದಲ್ಲಿಡಬೇಕೆಂದು ಎಚ್ಚರಿಸಿದ್ದನು. ಆತನ ಗ್ರಂಥವನ್ನು ಜರ್ಮನ್ ಭಾಷೆಗೆ ಪರಿವರ್ತಿಸಿದವನು ಫ್ರಾಯ್ಡನೇ.

ನಮ್ಮ ನೈಯಾಯಿಕರು ಸ್ಮೃತಿಯನ್ನು ಅನುಭವದಿಂದ ಬೇರ್ಪಡಿಸಿ, ಅದರಲ್ಲಿ ಯಥಾರ್ಥವೆಂದೂ ಅಯಥಾರ್ಥವೆಂದೂ ಎರಡು ಭೇದಗಳನ್ನು ಹೇಳಿದರು. ಮಧ್ವಮತಾನುಯಾಯಿಗಳು ಸ್ಮೃತಿಯೂ ಪ್ರಮಾಣವೇ ಎಂದು ವಾದಿಸಿದರು. ಈ ವಿವಾದವು ಇಲ್ಲಿ ಪ್ರಕೃತವಲ್ಲ. ಆದರೆ ಎಂದೂ ಆಗದ ಅನುಭವದ ಸಂಸ್ಕಾರವನ್ನು ಮತ್ತೊಬ್ಬನು ಬಿತ್ತಬಲ್ಲನೇ ಎಂಬ ಪ್ರಶ್ನೆಗೆ ಜಿನೀವಾದ ಪ್ರಸಿದ್ಧ ಮನಶ್ಶಾಸ್ತ್ರಜ್ಞನಾದ ಪಿಯಾಜೆಯ ಬಾಲ್ಯಕಥೆಯೇ ಉತ್ತರವಾಗಿದೆ. ಆತನು ಶಿಶುವಾಗಿದ್ದಾಗ ಪ್ಯಾರಿಸಿನ ರಾಜಬೀದಿಯಲ್ಲಿ ಯಾರೋ ಅವನನ್ನು ಅಪಹರಿಸಲೆಳಸಿದರೆಂದೂ, ದಾದಿಯು ಹೋರಾಡಿ ಕಾಪಾಡಿದಳೆಂದೂ ಮನೆಯಲ್ಲಿ ಹೇಳುತ್ತಿದ್ದರು. ದಾದಿಯ ಮುಖದ ಮೇಲಿನ ಗೀರುಗಳು, ಓಡಿಬಂದ ಪೋಲೀಸಿನವನು, ಎಲ್ಲವೂ ಅವನ ಕಣ್ಣಿಗೆ ಕಟ್ಟಿದಂತಿದ್ದವು. ಅವನಿಗೆ ಹದಿನೈದು ವರ್ಷವಾದಾಗ ಆ ದಾದಿಯು ಪಶ್ಚಾತ್ತಾಪದಿಂದ ಕಾಗದ ಬರೆದು, ಕಥೆಯೆಲ್ಲವೂ ತನ್ನ ಕಲ್ಪನೆಯೆಂದೊಪ್ಪಿ, ಬಹುಮಾನವಾಗಿ ಪಡೆದಿದ್ದ ಗಡಿಯಾರವನ್ನು ಹಿಂದಿರುಗಿಸಿದಳು.

ಫ್ರಾಯ್ಡನು ಕೈಬಿಟ್ಟ ಮಾತು ಸುಮಾರು ತೊಂಬತ್ತು ವರ್ಷಗಳ ತರುವಾಯ ಅಮೆರಿಕಾದಲ್ಲಿ ಮತ್ತೆ ತಲೆಯೆತ್ತಿತು. ಅಷ್ಟರಲ್ಲಿ ಮಕ್ಕಳ ಮೇಲೆ ನಡೆಯುವ ಅತ್ಯಾಚಾರವು ಬಹು ಕಾಲ ಮುಚ್ಚಿಡಲ್ಪಟ್ಟ ಘೋರ ಸತ್ಯವೆಂಬುದು ಅಲ್ಲಿ ಬಯಲಾಗಿದ್ದಿತು. ಆ ಎಚ್ಚರವು ನ್ಯಾಯವಾದುದೇ. ಆದರೆ ಅದರ ಬೆನ್ನಲ್ಲಿಯೇ, ವಿಷಾದ, ನಿದ್ರಾನಾಶ, ಆಹಾರದಲ್ಲಿ ಅರುಚಿ ಮೊದಲಾದ ಸಾಮಾನ್ಯ ಲಕ್ಷಣಗಳನ್ನೇ ಮರೆತುಹೋದ ಪೀಡೆಯ ಗುರುತುಗಳೆಂದು ತಿಳಿಯುವ ಚಿಕಿತ್ಸಕರ ವರ್ಗವೊಂದು ಹುಟ್ಟಿತು. ಸಮ್ಮೋಹನ, ಸ್ವಪ್ನವ್ಯಾಖ್ಯಾನ, ಕಣ್ಮುಚ್ಚಿ ದೃಶ್ಯಗಳನ್ನು ಕಲ್ಪಿಸಿಕೊಳ್ಳುವುದು, ಅಮಿಟಾಲ್ ಎಂಬ ಮಂಪರು ತರಿಸುವ ಔಷಧ, ಇವೇ ಅವರ ಸಾಧನಗಳು. ೧೯೮೮ರಲ್ಲಿ ಪ್ರಕಟವಾಗಿ ಬಹು ಜನಪ್ರಿಯವಾದ ಗ್ರಂಥವೊಂದು, ಪೀಡೆಯಾಯಿತೆಂದು ಅನ್ನಿಸಿದರೆ ನೆನಪಿಲ್ಲದಿದ್ದರೂ ಅದು ಆದದ್ದೇ ಇರಬೇಕೆಂಬ ಅಭಿಪ್ರಾಯವನ್ನು ಹರಡಿತು.

ಆ ವರ್ಷವೇ ವಾಷಿಂಗ್ಟನ್ ಪ್ರಾಂತದ ಒಲಿಂಪಿಯಾ ಪಟ್ಟಣದಲ್ಲಿ ನಡೆದ ಪ್ರಕರಣವು ವಿವರವಾಗಿ ತಿಳಿಯತಕ್ಕದ್ದು. ಷೆರಿಫನ ಕಚೇರಿಯಲ್ಲಿ ಹಿರಿಯ ಅಧಿಕಾರಿಯೂ ದೈವಭಕ್ತನೂ ಆದ ಗೃಹಸ್ಥನೊಬ್ಬನ ಮೇಲೆ ಅವನ ಪುತ್ರಿಯರಿಬ್ಬರೂ ಅತ್ಯಾಚಾರದ ಆರೋಪವನ್ನು ಹೊರಿಸಿದರು. ತನಗೇನೂ ನೆನಪಿಲ್ಲವೆಂದೂ, ಆದರೆ ತನ್ನ ಮಕ್ಕಳು ಸುಳ್ಳಾಡುವವರಲ್ಲವೆಂದೂ ಅವನು ಹೇಳಿದನು. ಸಹೋದ್ಯೋಗಿಗಳೇ ಅವನನ್ನು ದಿನಗಟ್ಟಲೆ ಪ್ರಶ್ನಿಸಿದರು. ದೇವರನ್ನು ಪ್ರಾರ್ಥಿಸಿ ಕಣ್ಮುಚ್ಚಿ ಕುಳಿತರೆ ನೆನಪು ಬರುವುದೆಂದು ಧೈರ್ಯ ಹೇಳಿದರು. ಬಂದಿತು. ದಿನಕಳೆದಂತೆ ಆ ಕಥೆಯಲ್ಲಿ ಸೈತಾನನ ಪೂಜೆ, ಶಿಶುಬಲಿ ಮೊದಲಾದುವೂ ಸೇರಿದವು. ನೆಲವನ್ನಗೆಸಿ ನೋಡಿದರೂ ಅದಕ್ಕೆ ಆಧಾರವಾಗುವ ಯಾವ ಅವಶೇಷವೂ ದೊರೆಯಲಿಲ್ಲ. ಆಗ ಸರ್ಕಾರದ ಪಕ್ಷದವರೇ ಕರೆಯಿಸಿದ್ದ ಬರ್ಕ್ಲಿಯ ಸಮಾಜಶಾಸ್ತ್ರಜ್ಞ ರಿಚರ್ಡ್ ಆಫ್ಷೆ ಎಂಬವರು ಒಂದು ಪರೀಕ್ಷೆಯನ್ನು ಮಾಡಿದರು. ಯಾರೂ ಹೊರಿಸದಿದ್ದ ಹೇಯ ಕೃತ್ಯವೊಂದನ್ನು ತಾವೇ ಕಲ್ಪಿಸಿ, ಮಕ್ಕಳು ಹೀಗೆ ಹೇಳಿರುವರು, ನೆನಪಿದೆಯೇ ಎಂದು ಆರೋಪಿಯನ್ನು ಕೇಳಿದರು. ಮೊದಲು ಇಲ್ಲವೆಂದನು. ಸೆರೆಕೋಣೆಗೆ ಹಿಂತಿರುಗಿ ಪ್ರಾರ್ಥಿಸಿದ ಮೇಲೆ, ಆಡಿದ ಮಾತುಗಳ ಸಹಿತವಾಗಿ ಮೂರು ಪುಟಗಳ ತಪ್ಪೊಪ್ಪಿಗೆಯನ್ನು ಬರೆದುಕೊಟ್ಟನು. ಇದು ಕಲ್ಪಿತವೆಂದು ತಿಳಿಸಿದರೂ, ತನಗೆ ಅದು ಇತರ ನೆನಪುಗಳಷ್ಟೇ ಸತ್ಯವಾಗಿ ತೋರುತ್ತದೆಂದನು! ತಪ್ಪೊಪ್ಪಿಕೊಂಡದ್ದನ್ನು ಹಿಂತೆಗೆದುಕೊಳ್ಳಲು ಆತನು ಮಾಡಿದ ಪ್ರಯತ್ನವು ಸಫಲವಾಗದೆ, ೨೦೦೩ರ ವರೆಗೆ ಸೆರೆಯಲ್ಲಿದ್ದನು.

ಪ್ರಯೋಗಶಾಲೆಯ ಸಾಕ್ಷ್ಯವು ತರುವಾಯ ಬಂದಿತು. ೧೯೯೫ರಲ್ಲಿ ಎಲಿಜಬೆತ್ ಲಾಫ್ಟಸ್ ಎಂಬ ವಿದುಷಿಯು ತಮ್ಮ ಸಹಕಾರಿಯೊಡನೆ ಇಪ್ಪತ್ತನಾಲ್ಕು ಮಂದಿಗೆ ಅವರ ಬಾಲ್ಯದ ಮೂರು ನಿಜವಾದ ಸಂಗತಿಗಳನ್ನೂ, ಅಂಗಡಿಗಳ ಸಂಕೀರ್ಣದಲ್ಲಿ ದಾರಿ ತಪ್ಪಿ ಅತ್ತರೆಂಬ ಒಂದು ಹುಸಿ ಸಂಗತಿಯನ್ನೂ ಬರೆದುಕೊಟ್ಟು ವಿಚಾರಿಸಿದರು. ಕಡೆಗೆ ಆರು ಮಂದಿ ಹುಸಿಯನ್ನು ಪೂರ್ಣವಾಗಿಯೋ ಅಂಶತಃವೋ ನೆನೆದರು. ದಾರಿ ತಪ್ಪುವುದೂ ಪೀಡೆಗೊಳಗಾಗುವುದೂ ಸಮಾನವಲ್ಲವೆಂದು ಪ್ರತಿಪಕ್ಷದವರು ಹೇಳಿದುದು ಯುಕ್ತವೇ. ಇನ್ನೊಂದು ಮಗ್ಗುಲನ್ನೂ ಕಾಣಬೇಕು. ಬಾಲ್ಯದಲ್ಲಿ ಪೀಡಿತರಾಗಿ ಆಸ್ಪತ್ರೆಯ ದಾಖಲೆಗಳಲ್ಲಿ ಹೆಸರಿದ್ದ ೧೨೯ ಸ್ತ್ರೀಯರನ್ನು ಸುಮಾರು ಹದಿನೇಳು ವರ್ಷಗಳ ಬಳಿಕ ಸಂದರ್ಶಿಸಿದಾಗ, ನೂರಕ್ಕೆ ೩೮ರಷ್ಟು ಮಂದಿ ಆ ಸಂಗತಿಯನ್ನು ಹೇಳಲಿಲ್ಲವೆಂದು ಲಿಂಡಾ ವಿಲಿಯಮ್ಸ್ ಎಂಬವರು ೧೯೯೪ರಲ್ಲಿ ಪ್ರಕಟಿಸಿದರು. ಮರೆತರೋ, ಹೇಳಲೊಲ್ಲದೆ ಹೋದರೋ ಎಂಬುದು ವಿವಾದಾಸ್ಪದ. ಸತ್ಯವಾಗಿಯೂ ನೊಂದವಳ ಮಾತನ್ನು ಹುಸಿಯೆಂದು ತಳ್ಳಿದರೆ ಆಕೆಗೆ ಎರಡನೆಯ ಬಾರಿ ದ್ರೋಹವೆಸಗಿದಂತಾಗುವುದು. ಆದುದರಿಂದಲೇ ಆಧಾರವನ್ನು ನೆನಪಿನ ಸ್ಪಷ್ಟತೆಯಲ್ಲಿ ಹುಡುಕದೆ, ದಾಖಲೆ, ಅನ್ಯಸಾಕ್ಷ್ಯ, ಆ ನೆನಪು ಉದಿಸಿದ ಸಂದರ್ಭ ಇವುಗಳಲ್ಲಿ ಹುಡುಕಬೇಕಾಗಿದೆ.

ನ್ಯಾಯಸ್ಥಾನಗಳೂ ನಿಧಾನವಾಗಿ ಎಚ್ಚೆತ್ತವು. ೧೯೯೪ರಲ್ಲಿ ಕ್ಯಾಲಿಫೋರ್ನಿಯಾದ ನಾಪಾ ಪಟ್ಟಣದ ಜ್ಯೂರಿಯವರು, ಮಗಳಲ್ಲಿ ಹುಸಿ ನೆನಪನ್ನು ಬೆಳೆಸಿದರೆಂದು ಚಿಕಿತ್ಸಕರ ಮೇಲೆ ದಾವೆ ಹೂಡಿದ್ದ ತಂದೆಯೊಬ್ಬನಿಗೆ ಐದು ಲಕ್ಷ ಡಾಲರುಗಳನ್ನು ಕೊಡಿಸಿದರು. ೧೯೯೭ರಲ್ಲಿ ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜಿನವರು, ಮರೆತ ಪೀಡೆಯನ್ನು ಅಗೆದು ತೆಗೆಯುವ ಉಪಾಯಗಳನ್ನು ಬಳಸಕೂಡದೆಂದು ತಮ್ಮ ಸದಸ್ಯರಿಗೆ ಸೂಚನೆಯಿತ್ತರು.

ಇವುಗಳಿಗೆ ಮುಂಚೆಯೇ ಅದೇ ಕ್ಯಾಲಿಫೋರ್ನಿಯಾದಲ್ಲಿ ಮತ್ತೊಂದು ಮೊಕದ್ದಮೆ ನಡೆದಿದ್ದಿತು. ೧೯೬೯ರಲ್ಲಿ ಎಂಟು ವರ್ಷದ ಬಾಲಕಿಯೊಬ್ಬಳ ಕೊಲೆಯಾಯಿತು. ತನ್ನ ತಂದೆಯೇ ಅವಳನ್ನು ಕೊಂದುದನ್ನು ತಾನು ಕಂಡಿದ್ದೆನೆಂದು ಆ ಬಾಲಕಿಯ ಗೆಳತಿಯು ಇಪ್ಪತ್ತು ವರ್ಷಗಳ ಮೇಲೆ ನೆನೆದು ಸಾಕ್ಷ್ಯ ನುಡಿದಳು. ೧೯೯೦ರಲ್ಲಿ ತಂದೆಗೆ ಶಿಕ್ಷೆಯಾಯಿತು. ಆಕೆ ಹೇಳಿದ ವಿವರಗಳು ಅಂದಿನ ವೃತ್ತಪತ್ರಿಕೆಗಳಲ್ಲಿ ಅಚ್ಚಾಗಿದ್ದರೂ, ಆ ಪತ್ರಿಕೆಗಳನ್ನು ಜ್ಯೂರಿಯ ಮುಂದಿಡಲು ನ್ಯಾಯಾಧೀಶರು ಸಮ್ಮತಿಸಿರಲಿಲ್ಲ. ಸಾಕ್ಷಿಯು ವಿಚಾರಣೆಗೆ ಮುಂಚೆ ಸಮ್ಮೋಹನಕ್ಕೊಳಗಾಗಿದ್ದಳೆಂದು ಆಕೆಯ ಸೋದರಿಯು ಬಳಿಕ ತಿಳಿಸಿದಳು. ೧೯೯೫ರಲ್ಲಿ ತೀರ್ಪು ರದ್ದಾಯಿತು. ಮರುವರ್ಷ, ಮಗಳು ಹೊರಿಸಿದ್ದ ಬೇರೊಂದು ಕೊಲೆಯ ಆರೋಪವು ದೇಹಪರೀಕ್ಷೆಯಿಂದ ಸುಳ್ಳೆಂದು ಸಿದ್ಧವಾಗಲು, ಅವನನ್ನು ಬಿಡುಗಡೆ ಮಾಡಿದರು. ಎಂಟು ವರ್ಷದ ಆ ಬಾಲಕಿಯನ್ನು ಕೊಂದುದಕ್ಕಾಗಿ ಆಮೇಲೆ ಯಾರಿಗೂ ಶಿಕ್ಷೆಯಾಗಿಲ್ಲ.