ಹರಿಹರದ ಕಲ್ಲಿನ ಮುಂದೆ ಅನಕ್ಷರಸ್ಥರು

ಗೆಳೆಯರ ಜೊತೆ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದು ಬಸ್ ಹತ್ತಿ ಹರಿಹರಕ್ಕೆ ಹೋಗಿದ್ವಿ. ಎಷ್ಟೋ ಸಲ ಹಾದುಹೋದ ಊರು. ಹರಿಹರೇಶ್ವರನ ಗುಡಿ ನಿಧಾನವಾಗಿ ನೋಡಿದ್ದು ಇದೇ ಮೊದಲು. ಅರ್ಧ ಶಿವ, ಅರ್ಧ ವಿಷ್ಣುವಾದ ಈ ದೇವರಿಗೆ 1224ರ ಸುಮಾರಿಗೆ ಗುಡಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. 1268ರಲ್ಲಿ ಗೋಪುರ ಸೇರಿಸಿದವನು ಸೋಮನಾಥಪುರದ ಸೋಮ ದಂಡನಾಯಕ.

ಇದನ್ನೆಲ್ಲ ಹೇಳೋ ಶಾಸನಗಳು ಅಲ್ಲೇ ನಿಂತಿವೆ. ಯುನಿಕೋಡ್‌ನಲ್ಲಿ ದಿನಾ ಕನ್ನಡ ಕುಟ್ಟೋ ನಮಗೆ ಒಂದು ಸಾಲೂ ಓದಲು ಬರಲಿಲ್ಲ! ಇಲ್ಲಿನ ಶಾಸನಗಳನ್ನು 1903ರಲ್ಲೇ ಅಚ್ಚು ಹಾಕಿಸಿದವರು ಬಿ.ಎಲ್. ರೈಸ್. ನಾಚಿಕೆಯಾಯ್ತು. ಈ ವರ್ಷ ಹಳೆಯ ಲಿಪಿ ಕಲಿಯೋದು ಅಂತ ತೀರ್ಮಾನಿಸಿದ್ದೀವಿ. ನಿಮ್ಮೂರ ಕಲ್ಲು ಏನು ಹೇಳುತ್ತೆ, ಓದಿದ್ದೀರಾ?