ವೃಷಣಚ್ಛೇದ ಮತ್ತು ಖಾಲಿತ್ಯ : ಒಂದು ಗ್ರೀಕ್ ವೈದ್ಯಸೂತ್ರದ ಪಾಠಪರಂಪರೆ

ಹಿಪೊಕ್ರಾಟಿಸನ ಹೆಸರಿನಲ್ಲಿ ಪ್ರಚಲಿತವಾಗಿರುವ ಗ್ರೀಕ್ ವೈದ್ಯಸೂತ್ರಗಳ ಆರನೆಯ ವಿಭಾಗದಲ್ಲಿ 28ನೆಯ ಸೂತ್ರವು ಅತ್ಯಂತ ಸಂಕ್ಷಿಪ್ತವಾದುದು. ವೃಷಣಹೀನರು ವಾತರಕ್ತದಿಂದಲೂ ಖಾಲಿತ್ಯದಿಂದಲೂ ಮುಕ್ತರೆಂಬುದೇ ಅದರ ತಾತ್ಪರ್ಯ. ಕಾರಣವನ್ನು ಸೂತ್ರಕಾರನು ಹೇಳುವುದಿಲ್ಲ. ಅದನ್ನು ಅನುಸರಿಸಿ ಬರುವ 29ನೆಯ ಸೂತ್ರವು ಋತುಸ್ರಾವ ನಿಲ್ಲುವವರೆಗೆ ಸ್ತ್ರೀಯರಿಗೆ ವಾತರಕ್ತವಿಲ್ಲವೆನ್ನುತ್ತದೆ. ಕೇಶದ ಮಾತನ್ನು ಎತ್ತುವುದಿಲ್ಲ.

ಈ ಎರಡು ಸೂತ್ರಗಳ ಸಾಮೀಪ್ಯವು ಪಾಠವಿಮರ್ಶಕರಿಗೆ ಗಮನಾರ್ಹವಾದುದು. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಸೆನೆಕನು ತನ್ನ 95ನೆಯ ಪತ್ರದಲ್ಲಿ ಆ ಮಹಾವೈದ್ಯನ ಮತವನ್ನು ಉಲ್ಲೇಖಿಸುವಾಗ, ಕೂದಲು ಉದುರದಿರುವುದನ್ನೂ ಪಾದವ್ಯಾಧಿ ಬಾರದಿರುವುದನ್ನೂ ಸ್ತ್ರೀಯರಿಗೇ ಆರೋಪಿಸಿದ್ದಾನೆ. ವೃಷಣಹೀನರು ಅಲ್ಲಿ ಲುಪ್ತರಾಗಿದ್ದಾರೆ. ಅವನ ಮುಂದೆ ಭಿನ್ನಪಾಠವೊಂದಿತ್ತೆಂದು ಊಹಿಸುವುದಕ್ಕಿಂತ, ನೆನಪಿನಿಂದ ಉದ್ಧರಿಸುವಾಗ ನೆರೆಹೊರೆಯ ಸೂತ್ರಗಳೆರಡು ಬೆರೆತುಹೋದುವೆಂದು ತಿಳಿಯುವುದೇ ಯುಕ್ತ. ಇಂತಹ ಸ್ಖಾಲಿತ್ಯಗಳು ತಾಳೆಗರಿಗಳನ್ನು ಬಲ್ಲವರಿಗೆ ಹೊಸವಲ್ಲ.

ಎರಡನೆಯ ಶತಮಾನದ ವ್ಯಾಖ್ಯಾನಕಾರ ಗ್ಯಾಲೆನನದು ಬೇರೆ ರೀತಿ. ತನ್ನ ಕಾಲದ ವೃಷಣಹೀನರಲ್ಲಿ ವಾತರಕ್ತವನ್ನು ಕಂಡಿದ್ದರೂ ಅವನು ಮೂಲವನ್ನು ತಿದ್ದಲಿಲ್ಲ. ಅವರ ಆಲಸ್ಯವೂ ಆಹಾರದ ಅತಿರೇಕವೂ ಇದಕ್ಕೆ ಕಾರಣವೆಂದು ಟೀಕೆಯಲ್ಲಿ ಸಮಾಧಾನ ಹೇಳಿದನು. ಸೂತ್ರವೂ ಟೀಕೆಯೂ ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಹುನೈನ್ ಇಬ್ನ್ ಇಸ್ಹಾಕನ ಮೂಲಕ ಅರಬ್ಬೀ ಭಾಷೆಗೆ ಸಂದುವು.

ಇವರೆಲ್ಲರಿಗಿಂತ ಸೂಕ್ಷ್ಮವಾಗಿ ನೋಡಿದವನು ಕ್ರಿ.ಪೂ. ನಾಲ್ಕನೆಯ ಶತಮಾನದ ಅರಿಸ್ಟಾಟಲನು. ಬಾಲ್ಯದಲ್ಲಿಯೇ ವೃಷಣಚ್ಛೇದವಾದರೆ ಯೌವನದಲ್ಲಿ ಮೂಡಬೇಕಾದ ರೋಮಗಳು ಮೂಡುವುದೇ ಇಲ್ಲ, ಪ್ರಾಪ್ತವಯಸ್ಸಿನ ಅನಂತರವಾದರೆ ಗುಹ್ಯರೋಮಗಳನ್ನುಳಿದು ಮಿಕ್ಕವು ಬಿದ್ದುಹೋಗುತ್ತವೆ, ತಲೆಯ ಕೂದಲು ಮಾತ್ರ ಉಳಿಯುತ್ತದೆ ಎಂದು ಅವನು ವಯೋಭೇದದಿಂದ ವಿಭಾಗಿಸಿದ್ದಾನೆ. ಮಿದುಳಿನ ಶೈತ್ಯವನ್ನು ಹಿಡಿದು ಅವನು ಕಟ್ಟಿದ ಕಾರಣವಾದವು ಇಂದು ನಿಲ್ಲದು. ನೋಟ ಮಾತ್ರ ಬಹುಮಟ್ಟಿಗೆ ನಿಂತಿದೆ. ಆದರೆ ಈ ಜ್ಞಾನಕ್ಕೆ ಆಧಾರವಾದ ದೇಹಗಳು ಹೆಚ್ಚಾಗಿ ದಾಸರವು; ಅವರ ಒಂದು ಮಾತೂ ಈ ಗ್ರಂಥಗಳಲ್ಲಿಲ್ಲ.

ಕಾರಣವು ತಿಳಿದುದು ಇಪ್ಪತ್ತನೆಯ ಶತಮಾನದಲ್ಲಿ. 1935ರಲ್ಲಿ ಟೆಸ್ಟೊಸ್ಟೆರೋನ್ ಎಂಬ ಹಾರ್ಮೋನು ವೃಷಣದಿಂದ ಪ್ರತ್ಯೇಕಿಸಲ್ಪಟ್ಟಿತು. 1942ರಲ್ಲಿ ಅಮೆರಿಕದ ಅಂಗರಚನಾಶಾಸ್ತ್ರಜ್ಞ ಜೇಮ್ಸ್ ಹ್ಯಾಮಿಲ್ಟನ್ನನು, ಪ್ರೌಢತೆಗೆ ಮುನ್ನ ವೃಷಣ ಕಳೆದುಕೊಂಡವರಲ್ಲಿ ಖಾಲಿತ್ಯವಿಲ್ಲವೆಂದೂ, ಅವರಿಗೆ ಈ ಹಾರ್ಮೋನನ್ನು ಕೊಟ್ಟಾಗ ವಂಶದಲ್ಲಿ ಖಾಲಿತ್ಯವಿದ್ದವರ ತಲೆ ಬೋಳಾಗುವುದೆಂದೂ, ನಿಲ್ಲಿಸಿದರೆ ಅದು ಮುಂದುವರಿಯದೆಂದೂ ತೋರಿಸಿದನು. ಟೆಸ್ಟೊಸ್ಟೆರೋನು ಚರ್ಮದಲ್ಲಿ ಡೈಹೈಡ್ರೊಟೆಸ್ಟೊಸ್ಟೆರೋನಾಗಿ ಮಾರ್ಪಟ್ಟು, ಗಡ್ಡದ ರೋಮಕೂಪಗಳನ್ನು ಬೆಳೆಯಿಸಿ, ಆನುವಂಶಿಕ ಪ್ರವೃತ್ತಿಯುಳ್ಳ ನೆತ್ತಿಯ ಕೂಪಗಳನ್ನು ಕುಗ್ಗಿಸುತ್ತದೆ. ಒಂದೇ ರಸವು ಒಂದೆಡೆ ಪೋಷಕ, ಇನ್ನೊಂದೆಡೆ ಶೋಷಕ. ಚ್ಛೇದದ ಅನಂತರ ಅದರ ಪ್ರಮಾಣವು ಬೇಗನೆ ಕುಸಿಯುವುದರಿಂದ ಮೈರೋಮ ವಿರಳವಾಗುತ್ತದೆ, ಗಡ್ಡ ನಿಧಾನವಾಗಿ ತೆಳುವಾಗುತ್ತದೆ, ಮೂಳೆ ಶಿಥಿಲವಾಗತೊಡಗುತ್ತದೆ. ನೆತ್ತಿಯ ನಷ್ಟ ನಿಂತರೂ ಹೋದ ಕೂದಲು ಪೂರ್ಣವಾಗಿ ಮರಳುವುದು ವಿರಳ.

ಅದೇ ವಿಭಾಗದ 34ನೆಯ ಸೂತ್ರವು, ಬೋಳುತಲೆಯವರಿಗೆ ಕಾಲಿನ ಸಿರೆಗಳು ಉಬ್ಬಿದರೆ ಕೂದಲು ಮರಳಿ ಬೆಳೆಯುವುದೆಂದು ಹೇಳುತ್ತದೆ. ಇದಕ್ಕೆ ಯಾವ ಆಧಾರವೂ ದೊರೆತಿಲ್ಲ. ಲಿಪಿಕಾರರು ಎರಡನ್ನೂ ಸಮಾನ ಶ್ರದ್ಧೆಯಿಂದ ನಕಲು ಮಾಡುತ್ತ ಬಂದರು.