ಕ್ಯಾಲಿಫೋರ್ನಿಯಾ ಕಾಂಡರ್ ಮತ್ತು ಸೀಸದ ಗುಂಡು

ಅಮೆರಿಕದ ಈ ರಣಹದ್ದು ರೆಕ್ಕೆ ಬಿಚ್ಚಿದರೆ ಸುಮಾರು 9 ಅಡಿ ಅಗಲ. ಆಹಾರ, ಸತ್ತ ಪ್ರಾಣಿಗಳ ಮಾಂಸ.

ಪಕ್ಕದ ಎಕ್ಸ್-ರೇ ಗುಂಡೇಟಿಗೆ ಸತ್ತ ಜಿಂಕೆಯದು. ಗಮನಿಸಬೇಕಾದದ್ದು ಗಾಯದ ಸುತ್ತ ಚೆಲ್ಲಿರುವ ಬಿಳಿ ಚುಕ್ಕೆಗಳನ್ನು: ಮೆದು ಲೋಹವಾದ ಸೀಸ ದೇಹಕ್ಕೆ ಬಡಿದೊಡನೆ ಸಿಡಿದು ಚೂರಾಗಿದೆ. ಬೇಟೆಗಾರ ಬಿಟ್ಟುಹೋದ ಕರುಳಿನೊಂದಿಗೆ ಈ ಚೂರುಗಳೂ ಹಕ್ಕಿಯ ಹೊಟ್ಟೆ ಸೇರುತ್ತವೆ. ಜಠರದ ಆಮ್ಲದಲ್ಲಿ ಕರಗಿದ ಸೀಸ ರಕ್ತಕ್ಕಿಳಿದು ನರಗಳನ್ನು ಕೆಡಿಸುತ್ತದೆ. ಜೀರ್ಣಾಂಗಗಳ ಚಲನೆ ನಿಂತು, ಗಂಟಲಚೀಲದ ತುಂಬ ಮಾಂಸವಿದ್ದರೂ ಹಕ್ಕಿ ಹಸಿವಿನಿಂದಲೇ ಸಾಯುವುದುಂಟು.

1982ರಲ್ಲಿ ಉಳಿದಿದ್ದವು ಕೇವಲ 22 ಕಾಂಡರ್‌ಗಳು. ಮೃಗಾಲಯಗಳಲ್ಲಿ ಮರಿಮಾಡಿಸಿ 1992ರಿಂದ ಕಾಡಿಗೆ ಬಿಡಲಾಗುತ್ತಿದೆ. ಆದರೂ ಅವುಗಳ ಸಾವಿಗೆ ಸೀಸವೇ ಮುಖ್ಯ ಕಾರಣ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡು ಪೂರ್ಣ ನಿಷಿದ್ಧ. ಬದಲಿಗೆ ಬಂದ ತಾಮ್ರದ ಗುಂಡು ಹೀಗೆ ಪುಡಿಯಾಗುವುದಿಲ್ಲ.